ಬತ್ತೀನಿ ಅಂದವಳು

ಅಕ್ಕೂರಿನ ಶಿವಲಿಂಗಮ್ಮನಿಗೆ ಮಾತು ಕಡಿಮೆ, ಕೆಲಸ ಜಾಸ್ತಿ. ಇಪ್ಪತ್ತೆಂಟು ವರ್ಷದಿಂದ ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಚ್ಚುತ್ತಾಳೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಮೇಲೆ ತಾಳೆಗರಿ ಸವರಿದರೆ ಬುಗುರಿ ಫಳಫಳ ಹೊಳೆಯಬೇಕು. ಒತ್ತಿದ್ದು ಜಾಸ್ತಿಯಾದರೆ ಬಣ್ಣ ಸೀಯುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಆ ಹದ ಅವಳ ಅಂಗೈಗೆ ಗೊತ್ತು.

ಒಂದು ವಿಷಯಕ್ಕೆ ಮಾತ್ರ ಅವಳು ಬಾಯಿ ಬಿಡುತ್ತಿದ್ದಳು. ತಂಗಿ ಪುಟ್ಟಿ. ಗಂಡ ಸತ್ತ ಮೇಲೆ ಪುಟ್ಟಿ ಯಾವನೋ ಏಜೆಂಟನ ಮಾತು ಕೇಳಿ ಕುವೈತಿಗೆ ಮನೆಗೆಲಸಕ್ಕೆ ಹೋದಳು. ಹೊರಡುವ ದಿನ ಅವರವ್ವ ಹೊಸ್ತಿಲಿಗೆ ಅಡ್ಡ ನಿಂತು, "ದಾಟುದ್ರೆ ತಿರುಗಿ ಬರಬ್ಯಾಡ" ಅಂದಿದ್ದಳಂತೆ. ಮೂರು ವರ್ಷ ಆಗೊಮ್ಮೆ ಈಗೊಮ್ಮೆ ಊರಿನ ಬೋರಲಿಂಗಯ್ಯನ ಅಂಗಡಿಗೆ ಫೋನ್ ಬರುತ್ತಿತ್ತು. ಆಮೇಲೆ ನಿಂತಿತು. ಹದಿನಾರು ವರ್ಷ ಆಯಿತು. ಅರಬ್ಬಿಯವನನ್ನು ಕಟ್ಟಿಕೊಂಡಳು ಅಂದರು, ಸತ್ತಳು ಅಂದರು. ಅವ್ವ ಮಗಳ ಹೆಸರು ಹೇಳಿಕೊಂಡೇ ಕಣ್ಣು ಮುಚ್ಚಿದಳು. ಶಿವಲಿಂಗಮ್ಮ ಮಾತ್ರ ಜಗ್ಗಲಿಲ್ಲ. "ಕಡೇ ಸಲ ಫೋನ್ ಮಾಡ್ದಾಗ ಬತ್ತೀನಿ ಅಂದವ್ಳೆ. ಬತ್ತಾಳೆ" ಅನ್ನುತ್ತಿದ್ದಳು.

ಇದಕ್ಕೆ ಪಕ್ಕದ ಮಿಷಿನ್ನಿನ ಬಿಸ್ಮಿಲ್ಲಾ ನಗುತ್ತಿದ್ದ. "ಅಕ್ಕೋ, ನಾನೂ ದಿನಾ ಸಾಯಂಕಾಲ ಮನೆಗೆ ಹೊರಡುವಾಗ ಬತ್ತೀನಿ ಅಂತೀನಲ್ಲ!" ನಗಲಿ ಬಿಡಿ, ಅವನ ಮಾತೂ ಸುಳ್ಳಲ್ಲ. ನಮ್ಮ ಕಡೆ 'ಹೋಗ್ತೀನಿ' ಅಂದರೆ ಅಪಶಕುನ, ಹೋಗುವುದು ಹೆಣ ಒಂದೇ. ಹೊರಟವರು 'ಬತ್ತೀನಿ' ಅನ್ನಬೇಕು, ಕಳಿಸುವವರು 'ಹೋಗ್ಬಾ' ಅನ್ನಬೇಕು. ನಾನೂ ಒಳಗೊಳಗೇ ಬಿಸ್ಮಿಲ್ಲಾನ ಕಡೆಗೇ ಇದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಸತ್ತವಳಿಗೆ ಕಾಯುವವರನ್ನು ಕಂಡರೆ ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ನಾನು ಪದ್ಮಶ್ರೀ, ಅಕ್ಕೂರಿನವಳೇ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ಸು. ಬೇಸಿಗೆ ರಜೆಯಲ್ಲಿ ನನಗೊಂದು ಕೆಲಸ ಸಿಕ್ಕಿತ್ತು. ಈ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಕಲೆಯವರು ಯಾರೋ ರೆಸಿಡೆನ್ಸಿ ಶುರು ಮಾಡಿದ್ದರು. ಹೊರಗಿನ ಕಲಾವಿದರು ಬಂದು ತಿಂಗಳುಗಟ್ಟಲೆ ಇದ್ದು ಕೆಲಸ ಮಾಡುವ ಜಾಗ. ರೆಸಿಡೆನ್ಸಿ ಅಂದಕೂಡಲೇ ನಮ್ಮವರು ಬಾರ್ ಇರಬೇಕು ಅಂತ ಒಂದು ವಾರ ಇಣುಕಿ ಇಣುಕಿ ನೋಡಿ, ಮರದ ಹಲಗೆ ಕಂಡು ಬೇಜಾರಾಗಿ ಹೋದರು. ಅಲ್ಲಿಗೆ ಬಂದವಳು ಫಿಲಿಪ್ಪೀನ್ಸಿನ ಜೊವೆಲಿನ್. ಅವಳ ಮಾತನ್ನು ಕನ್ನಡ ಮಾಡುವುದು ನನ್ನ ಕೆಲಸ.

ಜೊವೆಲಿನ್ ಮಾಡುವುದು ಅಚ್ಚಿನ ಚಿತ್ರ. ಹಾಲೆ ಮರದ ಹಲಗೆಯಲ್ಲಿ ಚಿತ್ರ ಕೊರೆದು, ಮಸಿ ಸವರಿ, ಮೇಲೆ ಕಾಗದ ಹಾಸಿ ಕೈಯಿಂದ ತೀಡುವುದು. ತೀಡಲು ಹದವಾದ ಕೈ ಬೇಕು ಅಂದಾಗ ಮಾಲೀಕರು ಶಿವಲಿಂಗಮ್ಮನನ್ನು ಕಳಿಸಿದರು. ಚಿತ್ರಗಳೆಲ್ಲ ದೇಶ ಬಿಟ್ಟು ದುಡಿಯಲು ಹೋದ ಜೊವೆಲಿನ್‌ಳ ಜನರದು: ಏರ್‌ಪೋರ್ಟಿನ ಸಾಲು, ಹಗ್ಗ ಬಿಗಿದ ಪೆಟ್ಟಿಗೆಗಳು, ಯಾರದೋ ಅಡುಗೆಮನೆಯಲ್ಲಿ ನಿಂತ ಹೆಂಗಸರು. ಶಿವಲಿಂಗಮ್ಮ ಒಂದೊಂದನ್ನೂ ನೋಡಿ ನನ್ನನ್ನು ಕೇಳಿದಳು, "ಎಲ್ಲಾ ಹೊಂಟವರೇ ಅವ್ರಲ್ಲ ಮಿಸ್ಸು, ಬಂದವರು ಒಬ್ಬರೂ ಇಲ್ವಾ?"

ಮೂರನೆಯ ದಿನ ಮೊದಲ ಅಚ್ಚು. ಶಿವಲಿಂಗಮ್ಮ ಕಾಗದದ ಮೇಲೆ ಅಂಗೈ ಊರಿ ತೀಡುತ್ತಿದ್ದಳು. ಜೊವೆಲಿನ್ ಬಗ್ಗಿ ನೋಡಿ, ಮೆಲ್ಲಗೆ ತೀಡು ಎಂಬಂತೆ ಕೈ ಆಡಿಸಿ ಅಂದಳು, "ಒಸಿ, ಒಸಿ."

ಶಿವಲಿಂಗಮ್ಮನ ಕೈ ನಿಂತಿತು. ನನಗೂ ಆಶ್ಚರ್ಯ. ಜೊವೆಲಿನ್‌ಗೆ ನಾನು ಹೇಳಿಕೊಟ್ಟಿದ್ದು ಪುಸ್ತಕದ 'ಸ್ವಲ್ಪ'. ಒಸಿ ಅನ್ನುವುದು ನಮ್ಮ ಸೀಮೆಯವರ ಬಾಯಲ್ಲಿ ಬಿಟ್ಟರೆ ಬೆಂಗಳೂರಿನವರಿಗೇ ಬರುವುದಿಲ್ಲ. ಎಲ್ಲಿ ಕಲಿತೆ ಅಂದೆ.

"ಅರಬ್ಬಿ ಮಾತಲ್ಲವೇ? ನಮ್ಮಮ್ಮ ಕುವೈತಿನಲ್ಲಿ ಕಲಿತಿದ್ದು. ನಮ್ಮ ಮನೆಯಲ್ಲಿ ಎಲ್ಲರೂ ಒಸಿ ಸಕ್ಕರೆ, ಒಸಿ ಅನ್ನ ಅಂತಲೇ ಅನ್ನುತ್ತೇವೆ" ಅಂದಳು. ಅಮ್ಮನ ಜೊತೆ ಒಂದೇ ಕೋಣೆಯಲ್ಲಿದ್ದ ಇಂಡಿಯಾದ ಆಂಟಿಯೊಬ್ಬಳು ಇದನ್ನು ಹೇಳುತ್ತಿದ್ದಳಂತೆ. ಆ ಆಂಟಿ ಅಮ್ಮನ ಕೈಲಿ ಕೊಟ್ಟು ಕಳಿಸಿದ ಬುಗುರಿಯ ಬಣ್ಣದ ಬೆನ್ನು ಹತ್ತಿಯೇ ತಾನು ಚನ್ನಪಟ್ಟಣ ಹುಡುಕಿ ಬಂದದ್ದು ಅಂದಳು. "ಆಂಟಿಯ ಹೆಸರು ಪುಟಿ. ನಮ್ಮ ಭಾಷೆಯಲ್ಲಿ ಪುಟಿ ಅಂದರೆ ಬಿಳುಪು. ಅವಳೋ ಕಪ್ಪು. ನಾವು ನಕ್ಕಿದ್ದೇ ನಕ್ಕಿದ್ದು."

ಇದನ್ನು ನಾನು ಕನ್ನಡ ಮಾಡಬೇಕಾಗಲೇ ಇಲ್ಲ. ಕುವೈತ್, ಬುಗುರಿಯ ಸನ್ನೆ, ಪುಟಿ. ಶಿವಲಿಂಗಮ್ಮ ಮಸಿಯ ಕೈಯನ್ನು ಹಾಗೇ ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಒಳಗೊಳಗೇ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಜೊವೆಲಿನ್ ತಕ್ಷಣ ಊರಿನಲ್ಲಿದ್ದ ಅಮ್ಮ ನೆನಿತಾಗೆ ವಿಡಿಯೋ ಕಾಲ್ ಹಾಕಿದಳು. ನೆನಿತಾ ಒಳಗಿಂದ ಒಂದು ಹಳೆಯ ಫೋಟೋ ತಂದು ಹಿಡಿದಳು. ಪುಟ್ಟಿಯೇ.

"ಬದುಕವ್ಳಾ? ಅದೊಂದ ಕೇಳು ಮಿಸ್ಸು" ಅಂದಳು ಶಿವಲಿಂಗಮ್ಮ.

ಬದುಕಿದ್ದಳು. ಈಗಲೂ ಕುವೈತಿನಲ್ಲೇ ಒಬ್ಬ ಮುದುಕಿಯನ್ನು ನೋಡಿಕೊಳ್ಳುತ್ತಾಳೆ, ಭಾನುವಾರ ಭಾನುವಾರ ನನಗೆ ಫೋನ್ ಮಾಡುತ್ತಾಳೆ ಅಂದಳು ನೆನಿತಾ. ಶಿವಲಿಂಗಮ್ಮ ಫೋನಿನ ಹತ್ತಿರಕ್ಕೆ ಬಗ್ಗಿದಳು. "ನಂಗ್ಯಾಕೆ ಮಾಡ್ಲಿಲ್ಲ? ಒಂದು ಫೋನು?"

ನೆನಿತಾ ಉತ್ತರ ಕೊಟ್ಟಳು. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಶಿವಲಿಂಗಮ್ಮನ ಮುಖ ನೋಡಿ ಸುಳ್ಳು ಹುಟ್ಟಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೆಲಸದ ಮನೆಯಲ್ಲಿ ಹೊಡೆತ ತಾಳಲಾರದೆ ಪುಟ್ಟಿ ಓಡಿಬಂದು ನೆನಿತಾಳ ಕೋಣೆ ಸೇರಿದ್ದಳು. ಒಂದು ದಿನ ಬಟ್ಟೆ ಗಂಟು ಕಟ್ಟಿಟ್ಟು, ಅಕ್ಕನನ್ನು ಒಂದು ಮಾತು ಕೇಳಿ ಊರಿಗೆ ಹೊರಡುತ್ತೇನೆ ಅಂತ ಫೋನ್ ಮಾಡಲು ಹೋದಳು. ವಾಪಸ್ಸು ಬಂದವಳು ಗಂಟು ಬಿಚ್ಚಿದಳು. ಬರುತ್ತೇನೆ ಅಂದದ್ದಕ್ಕೆ ಅಕ್ಕ 'ಹೋಗು' ಅಂದಳಂತೆ. ಅವ್ವನ ಮಾತನ್ನೇ ಅಕ್ಕನೂ ಹಿಡಿದಳು ಅಂತ ಆಮೇಲೆ ಊರಿನ ಹೆಸರೇ ಎತ್ತಲಿಲ್ಲ.

"ನಾನಾ? ಹೋಗು ಅಂದ್ನಾ?" ಶಿವಲಿಂಗಮ್ಮ ಬೆಚ್ಚಿ ನೋಡಿದಳು. "ಲೈನು ಗೊರ್ ಅಂತಿತ್ತು. ಬತ್ತೀನಿ ಕಣಕ್ಕ, ಬತ್ತೀನಿ ಅಂದ್ಲು. ಆವಾಗ ಫೋನ್ ಮಡಗ್ತಾವ್ಳೆ ಅನ್ಕಂಡು ನಾನು..." ಅಲ್ಲಿಗೆ ಅವಳ ಮುಖ ಬಿಳಿಚಿಕೊಂಡಿತು. "ಹೋಗ್ಬಾ ಅಂದ್ಬುಟ್ಟೆ ಕಣವ್ವಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದ್ದು ತಪ್ಪು ಮಾತೂ ಅಲ್ಲ. ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತು. ಕೊನೆಯ 'ಬಾ' ಒಂದು ಗೊರಗೊರದಲ್ಲಿ ಮುಳುಗಿ ಹೋಗಿತ್ತು, ಅದರ ಜೊತೆ ಹದಿನಾರು ವರ್ಷ. 'ಹೋಗ್ಬಾ' ಅಂದರೇನು ಅಂತ ಜೊವೆಲಿನ್ ಕೇಳಿದಳು. ಇಂಗ್ಲಿಷಿನಲ್ಲಿ ಎರಡು ಸಲ ಹೇಳಲು ಹೋಗಿ ಸೋತೆ. ಅಷ್ಟು ವರ್ಷ ಪಾಠ ಮಾಡಿದ್ದು ದಂಡ ಅನ್ನಿಸಿತು.

ನೆನಿತಾ ಕಳಿಸಿದ ನಂಬರನ್ನು ಜೊವೆಲಿನ್ ಒತ್ತಿ, ಫೋನನ್ನು ಶಿವಲಿಂಗಮ್ಮನ ಕೈಗೆ ಕೊಟ್ಟಳು. ಸ್ಪೀಕರಿನಲ್ಲಿ ರಿಂಗಾಯಿತು. ಒಂದು ಹೆಣ್ಣು ದನಿ ಅರಬ್ಬಿಯಲ್ಲಿ ಏನೋ ಕೇಳಿತು.

"ಪುಟ್ಟಿ" ಅಂದಳು ಶಿವಲಿಂಗಮ್ಮ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಈ ಸಲ ಆ ಕಡೆಯಿಂದ ನಮ್ಮದೇ ಮಾತು ಬಂತು. "ಯಾರು? ಒಸಿ ಜೋರಾಗಿ ಮಾತಾಡಿ, ಕೇಳಾಕಿಲ್ಲ."

"ಬಾ!" ಶಿವಲಿಂಗಮ್ಮ ಕಿರುಚಿದ ರಭಸಕ್ಕೆ ಮುಂದಿನ ಕಾರ್ಖಾನೆಯಲ್ಲಿ ಮಿಷಿನ್ನುಗಳು ಒಂದೊಂದಾಗಿ ನಿಂತವು. ಬಿಸ್ಮಿಲ್ಲಾ ಓಡಿಬಂದ. "ಬಾ ಕಣೇ! ನಾನು ಶಿವಿ ಕಣೇ! ಹೋಗು ಅನ್ನಲಿಲ್ಲ ನಾನು, ಹೋಗ್ಬಾ ಅಂದೆ! ಬಾ ಅಂದಿದ್ದು ಕೇಳ್ನಿಲ್ವಾ? ಈಗ ಕೇಳ್ತಾ? ಬಾ!"

ಆಚೆಯ ಅಳು ಶೆಡ್ಡು ತುಂಬಿತು. ಅಳು ತಗ್ಗಿದ ಮೇಲೆ ಒಡೆದ ದನಿಯಲ್ಲಿ ಪುಟ್ಟಿ ಅಂದಳು, "ಬತ್ತೀನಿ ಕಣಕ್ಕ."

ಜೊವೆಲಿನ್ ಚಪ್ಪಾಳೆ ತಟ್ಟಿದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಶಿವಲಿಂಗಮ್ಮ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಎರಡೂ ಕೈಯಲ್ಲಿ ಫೋನನ್ನು ಬಿಗಿಯಾಗಿ ಹಿಡಿದು ಬಾಯಿಯ ಹತ್ತಿರಕ್ಕೆ ತಂದುಕೊಂಡಳು.

"ಯಾವ ಬತ್ತೀನಿ?" ಅಂದಳು. "ತಾರೀಖು ಹೇಳು."