ಲೋಕನಾಥರ ‘ಡಲ್’
ಪುಣೆಯ ಹಡಪಸರದಲ್ಲಿ ಹೋಟೆಲು ನಡೆಸುವ ಲೋಕನಾಥರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ, ನಾಲಿಗೆಯ ತುದಿಯಲ್ಲಿ ಒಂದೇ ಒಂದು ಇಂಗ್ಲಿಷ್ ಪದ: ಡಲ್. ದೋಸೆ ಕೆಂಪಗಾಗದಿದ್ದರೆ ಡಲ್, ಟ್ಯೂಬ್‌ಲೈಟ್ ಮಿಣುಕಿದರೆ ಡಲ್, ಸೋಮವಾರದ ವ್ಯಾಪಾರ ಡಲ್, ಆಕಳಿಸುವ ಸಪ್ಲಾಯರ್ ಲತೇಶನಂತೂ ಹುಟ್ಟಾ ಡಲ್. “ಎಂತ ಮಾರಾಯ ಇಷ್ಟು ಡಲ್? ನೀನು ಟೇಬಲಿಗೆ ಮುಟ್ಟುವಾಗ ಇಡ್ಲಿ ಹಳಸ್ತದಲ್ಲಾ!” ಎಂದು ಗಲ್ಲಾದಿಂದ ಗುಡುಗಿದರೆ ಅಡುಗೆಮನೆಯ ಸೌಟುಗಳು ನಡುಗುತ್ತವೆ. ಈ ‘ಡಲ್’ ಕನ್ನಡದ ಬೈಗುಳವೆಂದೇ ಮರಾಠಿ ಗಿರಾಕಿಗಳು ನಂಬಿದ್ದಾರೆ. ನಿನ್ನೆ ಬೆಳಿಗ್ಗೆ, ದಿನವೂ ಚಹಾಕ್ಕೆ ಬರುವ ಧಾರವಾಡ ಕಡೆಯ ಕಾಡಪ್ಪ ಮರುಕದಿಂದಲೇ ಕೇಳಿದರು: “ಯಾಕ್ರೀ, ನಿಮ್ಮ ಮಗಳು ಶ್ರದ್ಧಾ ಭಾಳ ಡಲ್ ಆಗ್ಯಾಳಲ್ರೀ?” ಕಾಲೇಜು ಬಿಟ್ಟು, ತಲೆಯನ್ನೂ ಬಾಚದೆ, ಮಹಡಿಯ ಕಿಟಕಿಗೆ ಒರಗಿ ಕೂತೇ ಇರುವ ಹುಡುಗಿ ಅವಳು. ಲೋಕನಾಥರು ಗಲ್ಲಾಪೆಟ್ಟಿಗೆ ಗುದ್ದಿ ಎದ್ದರು. “ಯಾರಿಗೆ ಹೇಳುದು ನೀವು ಡಲ್ ಅಂತ? ಅವಳು ಡಲ್ ಅಲ್ಲ! ಅವಳಿಗೆ ಎಂತ ಅಂದ್ರೆ… ಅವಳಿಗೆ…” ಎಷ್ಟು ತಡಕಾಡಿದರೂ ಬೇರೆ ಪದ ಸಿಗಲಿಲ್ಲ. ಮಧ್ಯಾಹ್ನ ಅವರ ಊಟಕ್ಕೆ ಉಪ್ಪಿಲ್ಲದ ಸಾಂಬಾರು ಬಂತು. ಬೈಗುಳಕ್ಕೆ ಕಿವಿ ಒಡ್ಡಿ ಲತೇಶ ಪಕ್ಕದಲ್ಲೇ ನಿಂತ. ಲೋಕನಾಥರು ತಲೆ ಎತ್ತದೆ ಉಂಡು ಮುಗಿಸಿದರು.