ಜಪವಿಲ್ಲದ ಒಂದು ನಿಮಿಷ

ಸತ್ತವರು ಬಂದು ಮಾತಾಡಿಸಿದರು ಅಂತ ಯಾರಾದರೂ ಹೇಳಿದರೆ ನಾನು ನಂಬುತ್ತಿದ್ದವಳಲ್ಲ. ಶಿವನ ಪಾದ ಸೇರಿದವರಿಗೆ ನಮ್ಮ ಬಾಗಿಲಲ್ಲಿ ಏನು ಕೆಲಸ ಎನ್ನುತ್ತಿದ್ದೆ. ಈಗಲೂ ಪೂರಾ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ಯೋಚನೆ ಮಾಡಿ.

ನಮ್ಮದು ಪಿರಿಯಾಪಟ್ಟಣದ ಕಡೆಯ ಕಂಪಲಾಪುರ. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮನೆಯವರು ತೀರಿಕೊಂಡ ಮೇಲೆ ಹೊಗೆಸೊಪ್ಪು ಹಾಕುವುದನ್ನು ಬಿಟ್ಟು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದೆ. ಊಟಕ್ಕೆ ಕೊರತೆಯಿಲ್ಲ, ಮಂಡಿ ನೋವಿದ್ದರೂ ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಅಕ್ಕಪಕ್ಕದವರು ಒಳ್ಳೆಯವರು; ಶಿವ ಇಷ್ಟಾದರೂ ಇಟ್ಟಿದ್ದಾನಲ್ಲ ಎಂದುಕೊಂಡು ದಿನ ದೂಡುತ್ತಿದ್ದೆ. ಕನಸಿನಲ್ಲಾದರೂ ಅವರು ಒಮ್ಮೆ ಬರಲಿ ಎಂಬುದೊಂದೇ ಆಸೆ. ಬಂದಿರಲಿಲ್ಲ.

ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ತಂಗಿ ಮಗಳು ಕಾವ್ಯ ಒಂದು ಮಧ್ಯಾಹ್ನ ಬಂದಳು. ಜನ ಹೊತ್ತನ್ನು ಹೇಗೆ ಅಂದಾಜು ಮಾಡುತ್ತಾರೆ ಅಂತ ಪರೀಕ್ಷೆ ಮಾಡಬೇಕಿತ್ತಂತೆ. ಕಣ್ಣು ಮುಚ್ಚಿ ಕೂರಬೇಕು, ಒಂದು ನಿಮಿಷ ಆಯಿತು ಅನ್ನಿಸಿದಾಗ ಕಣ್ಣು ಬಿಡಬೇಕು, ಎಣಿಸಬಾರದು. ಅವಳು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾಳೆ. ಪಕ್ಕದ ಮನೆಯ ಪುಟ್ಟಮ್ಮಣ್ಣಿ ಅರ್ಧ ನಿಮಿಷವೂ ಆಗುವ ಮೊದಲೇ ಕಣ್ಣು ಬಿಟ್ಟಳು.

"ಅಷ್ಟೊತ್ತು ಬಾಯ್ ಮುಚ್ಕೊಂಡು ಕುಂತಿದ್ದೇ ಹೆಚ್ಚು ಬುಡವ್ವ," ಅಂದಳು.

ನಾನು ಕೂತಾಗ ಕಾವ್ಯ ನಡುವೆಯೇ ತಡೆದಳು. "ದೊಡ್ಡಮ್ಮ, ತುಟಿ ಅಲ್ಲಾಡ್ತಾ ಇದೆ. ಜಪ ಮಾಡಂಗಿಲ್ಲ, ಅದೂ ಎಣಿಸಿದಂಗೇ."

ಹಾಲು ಕಾಯಲು, ಇಡ್ಲಿ ಬೇಯಲು, ನನಗೆ ಎಲ್ಲಕ್ಕೂ ಪಂಚಾಕ್ಷರಿಯೇ ಗಡಿಯಾರ. ಚಿಕ್ಕಂದಿನಿಂದ ಅಂಗೈಯಲ್ಲಿ ಲಿಂಗ ಹಿಡಿದು ಕೂತವಳು. ಕಣ್ಣು ಮುಚ್ಚಿದರೆ ಶಿವನ ಹೆಸರು ತಾನಾಗಿ ಬರುತ್ತದೆ. ಅದನ್ನು ತಡೆದು ಕಣ್ಣು ಮುಚ್ಚಿದ್ದು ಅದೇ ಮೊದಲು. ಒಳಗೆಲ್ಲ ಖಾಲಿಯಾದ ಹಾಗಾಯಿತು.

ಆಮೇಲೆ ಹಸಿ ಹೊಗೆಸೊಪ್ಪಿನ ವಾಸನೆ ಬಂತು. ಸೊಪ್ಪು ಬೇಯಿಸುವ ಬ್ಯಾರನ್ ಮನೆ ಮುಂದೆ, ಹೊಂಗೆ ಮರದ ನೆರಳಲ್ಲಿ ಕೂತು ನಾನು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆ. ಎದುರಿಗೆ ನಮ್ಮನೆಯವರು ಎಲೆ ಜೋಡಿಸಿ ಕೊಡುತ್ತಿದ್ದರು. ಬುತ್ತಿ ಬಿಚ್ಚಿ ಮುದ್ದೆ ಉಂಡೆವು. ಸಾರಿಗೆ ಉಪ್ಪು ಸಾಲದು ಎಂದು ಗೊಣಗಿದರು, ಎರಡನೇ ಸಲ ಹಾಕಿಸಿಕೊಂಡರು. ಟವೆಲ್ ಹಾಸಿಕೊಂಡು ಮಲಗಿ ಗೊರಕೆ ಹೊಡೆದರು. ನಾನು ನೋಡುತ್ತಾ ಕೂತೆ. ಬಿಸಿಲು ಇಳಿದು ನೆರಳು ಗೋಡೆ ಹತ್ತಿತು. ಒಂದು ಇಡೀ ಮಧ್ಯಾಹ್ನ, ಯಾವ ಅವಸರವೂ ಇಲ್ಲದೆ. ಅವರು ಎದ್ದು ನನ್ನ ಕಡೆ ತಿರುಗಿದರು.

"ಆಯ್ತು ಕಣೆ, ಕಣ್ಬುಡು. ಕಾವ್ಯ ಕಾಯ್ತಾ ಅವ್ಳೆ."

ಬಿಟ್ಟೆ. ಕಾವ್ಯ ಮೊಬೈಲನ್ನೇ ನೋಡುತ್ತಿದ್ದಳು. "ಸರಿಯಾಗಿ ಒಂದು ನಿಮಿಷ, ದೊಡ್ಡಮ್ಮ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ."

ಇನ್ನೊಂದು ಸಲ ಮಾಡಿಸು ಎಂದು ಅವಳ ಕೈ ಹಿಡಿದುಕೊಂಡೆ. ಮಾಡಿಸಿದಳು. ಬರೀ ಕತ್ತಲು. ಅಂದಾಜೂ ಎಲ್ಲೋ ತಪ್ಪಿತು. ವಿಷಯ ಹೇಳಿದಾಗ, "ತೂಕಡಿಸಿರ್ತೀರ ಬಿಡಿ," ಎಂದು ಬೆನ್ನು ಸವರಿದಳು. ತೂಕಡಿಸಿದವಳು ಅಷ್ಟು ಸರಿಯಾಗಿ ಕಣ್ಣು ಬಿಟ್ಟದ್ದು ಹೇಗೆ ಎಂದು ಕೇಳಿದ್ದಕ್ಕೆ ಅವಳು ಮೊಬೈಲನ್ನು ಇನ್ನೊಮ್ಮೆ ತೆಗೆದು ನೋಡಿದಳು.

ಅಷ್ಟಾದರೂ ತೋರಿಸಿದನಲ್ಲ ಎಂದು ಶಿವನಿಗೆ ಕೈಮುಗಿಯುತ್ತೇನೆ. ಅದು ಏನು ಅಂತ ನನಗೆ ಇವತ್ತಿಗೂ ತಿಳಿಯದು. ಆ ನಿಮಿಷವನ್ನು ಅಂದಾಜು ಮಾಡಿದ್ದು ನಾನಲ್ಲ, ಅಷ್ಟು ಮಾತ್ರ ಗೊತ್ತು. ನನ್ನ ಪಾಡಿಗೆ ಬಿಟ್ಟಿದ್ದರೆ ನಾನು ಕಣ್ಣು ಬಿಡುತ್ತಿರಲಿಲ್ಲ.