ಸೀಟಿ ಮೇಡಂ ಕಲಿಸಿದ ದಾರಿ

ಶರ್ಟು ಹೊಲಿಯುವ ಫ್ಯಾಕ್ಟರಿಯ ಹೆಂಗಸರು ಅವಳಿಗೆ ಸೀಟಿ ಮೇಡಂ ಎಂದು ಹೆಸರಿಟ್ಟಿದ್ದರು. ಮೇಡಂ ಅನ್ನಿಸಿಕೊಳ್ಳುವ ವಯಸ್ಸೇನೂ ಅವಳದಲ್ಲ. ವಿಪತ್ತು ನಿರ್ವಹಣೆಯಲ್ಲಿ ಎಂ.ಎ. ಓದುತ್ತಿದ್ದ ಹುಡುಗಿ. ಬೆಂಕಿ ಬಿದ್ದರೆ, ಕಟ್ಟಡ ಕುಸಿದರೆ, ನೀರು ನುಗ್ಗಿದರೆ ಜನ ಸಾಯದ ಹಾಗೆ ಮೊದಲೇ ಏನೇನು ಮಾಡಿಟ್ಟುಕೊಳ್ಳಬೇಕು ಎಂದು ಕಲಿಸುವ ಓದು ಅದು. ಅಂಥದ್ದೊಂದು ಕೋರ್ಸು ಇದೆಯೆಂದು ಕೇಳಿದಾಗ ಅವಳ ಅಕ್ಕ ಬಿದ್ದುಬಿದ್ದು ನಕ್ಕಿದ್ದಳು.

"ಬೆಂಕಿ ಬಿದ್ರೆ ಓಡ್ಬೇಕು ಅನ್ನೋದಕ್ಕೂ ಎಂಎ ಮಾಡ್ಬೇಕೇನೆ?"

ನಕ್ಕವಳೇ ಮರುದಿನದಿಂದ ಓವರ್‌ಟೈಮ್ ಹಿಡಿದಳು. ತಂಗಿಯ ಫೀಸು ಹುಟ್ಟಿದ್ದು ಅಕ್ಕನ ಬೆನ್ನುನೋವಿನಿಂದ.

ಅಕ್ಕ ಆ ಫ್ಯಾಕ್ಟರಿಯ ಮೂರನೇ ಮಹಡಿಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಎಂ.ಎ. ಪ್ರಬಂಧದ ಅಧ್ಯಯನಕ್ಕೆ ಜಾಗ ಸಿಗದೆ ತಂಗಿ ಅಲೆದು ಸುಸ್ತಾದಾಗ, ಸೂಪರ್‌ವೈಸರನ ಕೈಕಾಲು ಹಿಡಿದು ಅವಳನ್ನು ಒಳಗೆ ಬಿಡಿಸಿದವಳೂ ಅಕ್ಕನೇ. ಪ್ರಬಂಧದ ವಿಷಯ ಸರಳ: ಬೆಂಕಿಯ ಡ್ರಿಲ್, ಅಂದರೆ ಬೆಂಕಿ ಬಿದ್ದಂತೆ ಓಡುವ ಅಭ್ಯಾಸ, ಮಾಡಿಸಿದರೆ ಜನ ಎಷ್ಟು ಬೇಗ ಹೊರಗೆ ಬರುತ್ತಾರೆ?

ಅವಳ ಗೈಡ್ ಆಗಿದ್ದ ಪ್ರೊಫೆಸರು ಪ್ರತಿ ಕ್ಲಾಸಿನಲ್ಲೂ ಒಂದು ಮಾತು ಹೇಳುತ್ತಿದ್ದರು. "ಹೊಗೆ ತುಂಬಿದಾಗ ತಲೆ ಕೆಲಸ ಮಾಡೋದಿಲ್ಲ, ಕಾಲು ಮಾಡುತ್ತೆ. ಕಾಲಿಗೆ ಕಲಿಸಿ."

ಅವಳು ಕಾಲಿಗೇ ಕಲಿಸಿದಳು. ಮೂರನೇ ಮಹಡಿಯಿಂದ ಇಳಿಯಲು ಎರಡು ದಾರಿ. ಮುಂದೆ ಒಬ್ಬರ ಹಿಂದೆ ಒಬ್ಬರು ಇಳಿಯಬೇಕಾದ ಇಕ್ಕಟ್ಟಿನ ಮೆಟ್ಟಿಲು, ಅದರ ಮೇಲೂ ಬಟ್ಟೆಯ ಗಂಟು. ಹಿಂದೆ ಕಬ್ಬಿಣದ ಬಾಗಿಲು, ಅದರಾಚೆ ಗೋಡೆಯ ಹೊರಮೈಗೆ ಅಂಟಿದ ಅಗಲವಾದ ಮೆಟ್ಟಿಲು. ಎಲ್ಲರೂ ಮುಂದಿನಿಂದ ನುಗ್ಗಿದರೆ ಅರ್ಧ ಜನ ತುಳಿತಕ್ಕೆ ಸಿಕ್ಕೇ ಸಾಯುತ್ತಾರೆ ಎಂದು ಅವಳು ಅಳೆದು ನೋಡಿ ಬರೆದಿದ್ದಳು. ಹಾಗಾಗಿ ಪಾಠ ಒಂದೇ: ಸೀಟಿ ಕೇಳಿದ ಕೂಡಲೇ ಮಷೀನ್ ಬಿಡಬೇಕು, ಬಗ್ಗಬೇಕು, ಹಿಂದಿನ ಬಾಗಿಲಿಗೆ ಓಡಬೇಕು.

ಹೆಂಗಸರಿಗೆ ಡ್ರಿಲ್ ಎಂದರೆ ಖುಷಿ. "ಮೇಡಂ, ವಾರಕ್ಕೊಂದು ಬೆಂಕಿ ಇಟ್ಕೊಳ್ಳಿ. ಉಚ್ಚೆ ಹುಯ್ಯೋಕಾದ್ರೂ ಬಿಡುವಾಗತ್ತೆ" ಎಂದು ಬಟನ್ ಕೂರಿಸುವವಳು ಕೂಗಿದರೆ ಇಡೀ ಹಾಲ್ ನಗುತ್ತಿತ್ತು. ಡ್ರಿಲ್ಲಿನಿಂದ ಡ್ರಿಲ್ಲಿಗೆ ಓಟ ಚುರುಕಾಯಿತು. ಕೊನೆಗೆ ಯಾರೂ ಯೋಚಿಸುತ್ತಿರಲಿಲ್ಲ, ಸೀಟಿ ಬಿದ್ದರೆ ಕಾಲುಗಳು ತಾವಾಗಿ ಹಿಂದಕ್ಕೆ ತಿರುಗುತ್ತಿದ್ದವು. ತಂಗಿ ಇನ್ನೊಂದು ಸೀಟಿ ತಂದು ಅಕ್ಕನ ಕೊರಳಿಗೆ ಹಾಕಿದಳು. "ನಾನಿಲ್ದಿರೋ ದಿನ ನೀನೇ ಊದು."

"ಹುಟ್ಟಿದಾಗಿಂದ ನೀನು ಹೇಳಿದ್ದನ್ನ ನಾನು ಕೇಳಿದ್ದೇ ಇಲ್ಲ" ಎಂದು ಅಕ್ಕ ಅದನ್ನು ರವಿಕೆಯೊಳಗೆ ತೂರಿಸಿಕೊಂಡಳು.

ಒಂದು ದಿನ ಅಕ್ಕನಿಗೆ ಊಟದ ಡಬ್ಬಿ ಕೊಡಲು ಬಂದವಳು ಹಾಗೇ ಹಿಂದಿನ ಬಾಗಿಲು ತಳ್ಳಿ ನೋಡಿದಳು. ಅಲುಗಲಿಲ್ಲ. ಅಂಗೈಯಗಲದ ಬೀಗ ತೂಗುತ್ತಿತ್ತು.

"ಡ್ರಿಲ್ ಇವತ್ತಲ್ವಲ್ಲ ಮೇಡಂ" ಎಂದ ಸೂಪರ್‌ವೈಸರ್, ಸೊಂಟದ ಕೀಲಿಗೊಂಚಲು ತಡವುತ್ತ. "ತೆಗ್ದಿಟ್ರೆ ಇವ್ರು ಶರ್ಟು ಸಾಗಿಸ್ತಾರೆ. ನಿಮ್ಮ ಡ್ರಿಲ್ ದಿನ ಬೆಳಿಗ್ಗೇನೇ ತೆಗೀತೀನಲ್ಲ, ಇನ್ನೇನು?"

ಬೀಗದ ವಿಷಯ ಅಕ್ಕನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಕೂಲಿಯವರನ್ನು ಕಳ್ಳರೆಂದು ಕೂಡಿಹಾಕುವುದು ಅಲ್ಲಿ ಫ್ಯಾನ್ ತಿರುಗಿದಷ್ಟು ಮಾಮೂಲು.

ಅವಳು ಗೈಡ್ ಹತ್ತಿರ ಓಡಿದಳು. "ಸರ್, ಬೇರೆ ದಿನ ಆ ಬಾಗಿಲಿಗೆ ಬೀಗ ಇರುತ್ತೆ. ಪ್ರಬಂಧದಲ್ಲಿ ಬರೀಲಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಬರೆದ್ರೆ ಮುಂದಿನ ವರ್ಷ ನಮ್ಮ ಹುಡುಗರನ್ನ ಯಾವ ಫ್ಯಾಕ್ಟರಿಯವರು ಒಳಗೆ ಬಿಡ್ತಾರಮ್ಮ? ನಿನ್ನ ವಿಷಯ ಡ್ರಿಲ್, ಬೀಗ ಅಲ್ಲ. ನಿಮ್ಮ ಅಕ್ಕನ ಕೆಲಸಕ್ಕೂ ಸಂಚಕಾರ. ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ."

ಆಮೇಲೆ. ಈ ಒಂದು ಮಾತಿನ ಕೆಳಗೆ ಎಷ್ಟು ಹೆಣ ಹೂತಿದ್ದೇವೋ ಲೆಕ್ಕ ಇಟ್ಟವರಿಲ್ಲ. ಅವಳೂ ಆಮೇಲೆ ಎಂದುಕೊಂಡಳು. ಬೀಗದ ಸಾಲನ್ನು ಬರೆಯಲೇ ಇಲ್ಲ.

ಬೆಂಕಿ ಹತ್ತಿಕೊಂಡಾಗ ಅವಳು ಕಾಲೇಜಿನ ಕಂಪ್ಯೂಟರಿನಲ್ಲಿ ಪ್ರಬಂಧಕ್ಕೆಂದು ಫ್ಯಾಕ್ಟರಿಯ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಹಿಂದಿನ ಬಾಗಿಲಿಗೆ ಹಸಿರು. ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಫ್ಯಾಕ್ಟರಿಯ ಮುಂದೆ ಜನ ಕಿಕ್ಕಿರಿದಿದ್ದರು. ಮಸಿ ಮುಖದ ಹುಡುಗಿಯೊಬ್ಬಳು ರಸ್ತೆಯಂಚಿನಲ್ಲಿ ಕೂತು ಕೆಮ್ಮುತ್ತಿದ್ದಳು. ಆ ವಾರವಷ್ಟೇ ಅಕ್ಕನ ಪಕ್ಕದ ಮಷೀನಿಗೆ ಸೇರಿದವಳು.

"ಅಕ್ಕ ಎಲ್ಲಿ?"

"ಅಕ್ಕ ಸೀಟಿ ಊದಿದ್ರು. ಎಲ್ಲಾರೂ ಬಗ್ಗಿ ಹಿಂದಕ್ಕೆ ಓಡಿದ್ರು." ಹುಡುಗಿ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. "ನಂಗಿನ್ನೂ ಡ್ರಿಲ್ ಆಗಿರ್ಲಿಲ್ಲ ಮೇಡಂ. ಅದಕ್ಕೆ ಬಂದ ದಾರೀಲೇ ಓಡ್ಬಿಟ್ಟೆ."

ಬದುಕಿ ಉಳಿದವರು ಪಾಠ ಕಲಿಯದವರು. ಕಲಿತವರೆಲ್ಲ ಕಬ್ಬಿಣದ ಬಾಗಿಲ ಬುಡದಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಬೀಗವಿದೆಯೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಎಲ್ಲರಿಗಿಂತ ಕೆಳಗೆ ಅಕ್ಕ. ಕೀಲಿಗೊಂಚಲು ಆ ಹೊತ್ತಿನಲ್ಲಿ ಸೂಪರ್‌ವೈಸರನ ಸೊಂಟದಲ್ಲಿ ರಸ್ತೆಯಾಚೆ ಟೀ ಕುಡಿಯುತ್ತಿತ್ತು.

ಮನೆಯಲ್ಲಿ ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಆಸ್ಪತ್ರೆಯವರು ಕೊಟ್ಟ ಸೀಟಿಯನ್ನು ತಂಗಿಯ ಮುಂದಿಟ್ಟು ಹೇಳಿದಳು: "ಅವ್ಳು ಯಾವತ್ತೂ ನಿನ್ನ ಮಾತು ಕೇಳ್ದೋಳಲ್ಲ. ಅದೊಂದ್ಸಲ ಕೇಳಿದ್ಲು."

ಪ್ರಬಂಧದ ಮೌಖಿಕ ಪರೀಕ್ಷೆ ಮುಂದಕ್ಕೆ ಹೋಗಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ತಿರುವುತ್ತ ಕೇಳಿದರು, "ತರಬೇತಿ ಪಡೆದವರು ನಿಜವಾದ ಬೆಂಕಿಯಲ್ಲಿ ಹೇಗೆ ನಡ್ಕೊಂಡ್ರು?"

"ಕಲಿಸಿದ ಹಾಗೇ ನಡ್ಕೊಂಡ್ರು ಸರ್. ಒಬ್ಬರೂ ದಾರಿ ತಪ್ಪಲಿಲ್ಲ. ಬಾಗಿಲಿಗೆ ಬೀಗ ಇತ್ತು. ಅದು ನಂಗೆ ಮೊದಲೇ ಗೊತ್ತಿತ್ತು."

ಗೈಡ್ ಕೆಮ್ಮಿದರು. "ಅಧ್ಯಯನದ ಮಿತಿಗಳು ಅಂತ ಕೊನೇಲಿ ಒಂದು ಭಾಗ ಇರುತ್ತಲ್ಲಮ್ಮ, ಅಲ್ಲಿ ಒಂದು ಸಾಲು ಸೇರಿಸು. ಸಾಕು."

ಸೇರಿಸಿದಳು. ಅವಳ ಅಕ್ಕ ಅಲ್ಲಿದ್ದಾಳೆ, ಕೊನೆಯ ಪುಟದಲ್ಲಿ, ಮಿತಿಯಾಗಿ. ಪ್ರಬಂಧಕ್ಕೆ ಆ ವರ್ಷದ ಅತಿ ಹೆಚ್ಚು ಅಂಕ ಬಂತು.

ಬಾಗಿಲ ಬುಡದಲ್ಲಿ ಬಿದ್ದವರ ಹೆಸರು ಜನ ಮರೆಯುವ ಮುಂಚೆಯೇ ಅವಳಿಗೆ ಕೆಲಸ ಸಿಕ್ಕಿತು. ಇನ್ನೊಂದು ಹೊಲಿಗೆ ಫ್ಯಾಕ್ಟರಿ, ಸುರಕ್ಷತಾ ಅಧಿಕಾರಿ. ಮನೆಯಲ್ಲಿ ದುಡಿಯುವ ಕೈ ಈಗ ಅವಳೊಬ್ಬಳದೇ. ಮೊದಲ ದಿನವೇ ನೇರ ಹಿಂದಿನ ಬಾಗಿಲಿಗೆ ಹೋಗಿ ತಳ್ಳಿದಳು. ಬೀಗ.

"ಕೀ ಕೊಡಿ."

"ಡ್ರಿಲ್ ದಿನ ತೆಗೀತೀವಿ ಮೇಡಂ" ಎಂದ ಅಲ್ಲಿಯ ಸೂಪರ್‌ವೈಸರ್.

ಮಾಲೀಕರ ಹತ್ತಿರ ಹೋದಳು. "ನಿಮ್ಮನ್ನ ತಗೊಂಡಿರೋದು ಡ್ರಿಲ್ ಮಾಡ್ಸೋಕಮ್ಮ, ಬಾಗಿಲು ಕಾಯೋಕಲ್ಲ" ಎಂದು ಅವರು ಫೋನ್ ಎತ್ತಿಕೊಂಡರು.

ಅವಳು ಹಾಲಿಗೆ ಬಂದು ಅಕ್ಕನ ಸೀಟಿಯನ್ನು ಎತ್ತಿ ಹಿಡಿದಳು. ಎಲ್ಲರೂ ಅವಳತ್ತ ತಿರುಗಿದರು.

"ಹಿಂದಿನ ಬಾಗಿಲನ್ನ ಮರೆತುಬಿಡಿ. ಏನೇ ಆದ್ರೂ ಮುಂದಿನಿಂದಾನೇ, ಬಂದ ದಾರೀಲೇ ಓಡಿ."

ಇಲ್ಲಿಯ ಮುಂದಿನ ಮೆಟ್ಟಿಲೂ ಇಕ್ಕಟ್ಟು. ಎಲ್ಲರೂ ಅಲ್ಲಿಗೆ ನುಗ್ಗಿದರೆ ಏನಾಗುತ್ತದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಊದಿದಳು. ಹೆಂಗಸರು ಮುಂದಕ್ಕೆ ಓಡಿದರು.

ಸೂಪರ್‌ವೈಸರನ ಮುಖ ಅರಳಿತು. "ಇದು ಇನ್ನೂ ಅನುಕೂಲ ಮೇಡಂ. ಡ್ರಿಲ್ ದಿನಾನೂ ಬೀಗ ತೆಗೆಯೋ ಕೆಲಸ ತಪ್ತು."